ಬೀದರಿನ ಸೂಟಿ ಪ್ರಯಾಣ: ರಸ್ತೆಯೋ, ವಿಮಾನವೋ?

ಬೇಸಿಗೆ ಸೂಟಿ ಹತ್ತಿರವಾದಂತೆ ಬೀದರ ನಗರದ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಮಕ್ಕಳಿಗೆ ಬೆಂಗಳೂರು, ಮೈಸೂರು ತೋರಿಸಬೇಕು. ಕಾರಿನಲ್ಲಿ ಹೋಗುವುದೋ, ವಿಮಾನ ಹತ್ತುವುದೋ? ಭಾಲ್ಕಿಯವರಿಗೆ ಊರಲ್ಲೇ ರೈಲು ನಿಲ್ದಾಣವಿದೆ. ಔರಾದ ಪಟ್ಟಣಕ್ಕೆ ಅದೂ ಇಲ್ಲ. ಅಲ್ಲಿಯವರು ಎಲ್ಲಿಗೆ ಹೊರಟರೂ ಮೊದಲು ಬಸ್ಸನ್ನೋ ಕಾರನ್ನೋ ಹತ್ತಲೇಬೇಕು. ಮನೆಯೊಳಗಿನ ಮಾತಿನಂತೆ ಕಾಣುವ ಈ ಪ್ರಶ್ನೆಯ ಹಿಂದೆ ದೊಡ್ಡ ಇತಿಹಾಸವೇ ಇದೆ.

ನಿಜಾಮರ ಕಾಲದಲ್ಲಿ ಈ ಸೀಮೆಗೆ ರಾಜಧಾನಿ ಹೈದರಾಬಾದು. ರಸ್ತೆಯಲ್ಲಿ ಸುಮಾರು 140 ಕಿ.ಮೀ. ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಉದಗೀರ ಮಾರ್ಗವಾಗಿ ಪರಳಿಗೆ ಹೋಗುವ ರೈಲು ಹಾದಿ ಆ ಕಾಲದ್ದೇ. ನಿಜಾಮ ರಾಜ್ಯದ ರೈಲ್ವೆಯು 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ವಿಭಾಗವನ್ನೂ ತೆರೆಯಿತು. ದಾರಿಗಳೆಲ್ಲ ಹೈದರಾಬಾದಿನ ಕಡೆಗೇ ಮುಖ ಮಾಡಿದ್ದವು.

1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆಯ ದೃಷ್ಟಿಯಿಂದ ಅದು ಮನೆಗೆ ಮರಳಿದಂತೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ನಾಡು ಇದು. ಆದರೆ ದೂರದ ಲೆಕ್ಕ ತಲೆಕೆಳಗಾಯಿತು. ಹೊಸ ರಾಜಧಾನಿ ಬೆಂಗಳೂರು ಸುಮಾರು 700 ಕಿ.ಮೀ. ದೂರ, ಹಳೆಯದರ ಐದು ಪಟ್ಟು. ಸಂತೆ, ಆಸ್ಪತ್ರೆ, ಬೀಗತನಗಳು ಹೈದರಾಬಾದಿನ ಕಡೆಗೇ ಉಳಿದವು. ಸರ್ಕಾರಿ ಕೆಲಸಕ್ಕೆ ಮಾತ್ರ ಬೆಂಗಳೂರು ಅನಿವಾರ್ಯವಾಯಿತು.

ಬೀದರಿನ ಆಕಾಶಕ್ಕೆ ವಿಮಾನ ಹೊಸತೇನಲ್ಲ. 1948ರಲ್ಲಿ ಆಸ್ಟ್ರೇಲಿಯಾದ ವೈಮಾನಿಕ ಸಿಡ್ನಿ ಕಾಟನ್ ಕರಾಚಿಯಿಂದ ಹೈದರಾಬಾದ್ ಸಂಸ್ಥಾನಕ್ಕೆ ಗುಟ್ಟಾಗಿ ಶಸ್ತ್ರಾಸ್ತ್ರ ಸಾಗಿಸಿದಾಗ ವಿಮಾನಗಳು ಇಳಿದ ತಾಣಗಳಲ್ಲಿ ಬೀದರವೂ ಒಂದು. ಮುಂದೆ ಇಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಬೆಳೆಯಿತು. 1996ರಲ್ಲಿ 'ಸೂರ್ಯಕಿರಣ' ಕಸರತ್ತಿನ ತಂಡ ರೂಪುಗೊಂಡದ್ದೂ ಇಲ್ಲಿಯೇ. ಮಾಳಿಗೆ ಮೇಲೆ ನಿಂತು ವಿಮಾನಗಳ ಆಟ ನೋಡಿದ ಊರಿಗೆ, ತಾನೇ ಹತ್ತಿ ಹೋಗುವ ವಿಮಾನ ಮಾತ್ರ ಬಹುಕಾಲ ಸಿಗಲಿಲ್ಲ.

ಅದಕ್ಕೆ ಒಂದು ಕಾರಣ ನೆರೆಯ ನಗರದಲ್ಲಿತ್ತು. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕಾಗಿ 2004ರಲ್ಲಿ ಆದ ಒಪ್ಪಂದವು, 150 ಕಿ.ಮೀ. ವ್ಯಾಪ್ತಿಯಲ್ಲಿ 25 ವರ್ಷಗಳ ಕಾಲ ಬೇರೆ ಹೊಸ ನಿಲ್ದಾಣ ಬರದಂತೆ ರಕ್ಷಣೆ ಕೊಟ್ಟಿತ್ತು. ಬೀದರ ಆ ಗೆರೆಯೊಳಗೇ ಬಿತ್ತು. 2008ರ ಮಾರ್ಚ್‌ನಲ್ಲಿ ಶಂಷಾಬಾದ್ ತೆರೆಯಿತು. ಬೀದರ ಕಾಯುತ್ತಲೇ ಉಳಿಯಿತು. ಕೇಂದ್ರದ 'ಉಡಾನ್' ಯೋಜನೆಯ ಮೊದಲ ವಿಮಾನಗಳು 2017ರ ಏಪ್ರಿಲ್ 27ರಂದು ಹಾರಿದವು. ಅವುಗಳಲ್ಲಿ ಒಂದು ನಾಂದೇಡ–ಹೈದರಾಬಾದ್ ನಡುವಿನದು. ದೇಗಲೂರು ದಾರಿಯಲ್ಲಿ ನಾಂದೇಡಕ್ಕೆ ಹೋಗಿ ಬರುವ ಔರಾದಿನವರಿಗೆ ಅದು ನೆರೆಮನೆಯ ಸುದ್ದಿ.

ಬೀದರಿನ ಸರದಿ ಬಂದದ್ದು 2020ರ ಫೆಬ್ರುವರಿ 7ರಂದು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಉದ್ಘಾಟಿಸಿದರು. ಟ್ರೂಜೆಟ್ ಸಂಸ್ಥೆಯ ವಿಮಾನ ಬೆಂಗಳೂರಿಗೆ ಹಾರಿತು. ಎರಡು ತಿಂಗಳೂ ತುಂಬದೆ ಕೊರೊನಾ ಬಂದು ದೇಶದ ವಿಮಾನಗಳೆಲ್ಲ ನೆಲಕ್ಕಿಳಿದವು. ಸಂಚಾರ ಮತ್ತೆ ಶುರುವಾದರೂ 2022ರ ಆರಂಭದಲ್ಲಿ ಟ್ರೂಜೆಟ್ ಸಂಸ್ಥೆಯೇ ಹಾರಾಟ ನಿಲ್ಲಿಸಿತು. ಅದೇ ವರ್ಷ ಜೂನ್‌ನಲ್ಲಿ ಸ್ಟಾರ್ ಏರ್ ಬಂದಿತು. 2023ರ ಕೊನೆಗೆ ಆ ಸೇವೆಯೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು.

ಈ ಏರಿಳಿತಕ್ಕೆ ಯೋಜನೆಯ ಸ್ವರೂಪವೂ ಕಾರಣ. ಉಡಾನ್‌ನಲ್ಲಿ ಕೆಲವು ಆಸನಗಳಿಗೆ ದರದ ಮಿತಿ ಇರುತ್ತದೆ. ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ ಅದು 2,500 ರೂಪಾಯಿ. ಸಂಸ್ಥೆಗೆ ಆಗುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ನಿಲ್ಲಬೇಕಾದರೆ ಆಸನಗಳು ತುಂಬಬೇಕು.

ಆಸನ ತುಂಬುವುದು ಕೊನೆಗೆ ಮನೆಯ ಲೆಕ್ಕವನ್ನೇ ಅವಲಂಬಿಸಿದೆ. ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಬರಲು 1,400 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ ಸುಮಾರು 93 ಲೀಟರ್ ಪೆಟ್ರೋಲು ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೆ 9,300 ರೂಪಾಯಿ. ರಸ್ತೆ ಸುಂಕ ಬೇರೆ. ಒಬ್ಬರು ಹೋದರೂ ಐವರು ಹೋದರೂ ಖರ್ಚು ಹೆಚ್ಚು ಕಡಿಮೆ ಅಷ್ಟೇ. ವಿಮಾನದಲ್ಲಿ ಹಾಗಲ್ಲ. ನಾಲ್ವರಿಗೆ ಹೋಗಿ ಬರಲು ಎಂಟು ಟಿಕೆಟ್. ತಲಾ 2,500ರಂತೆ ಸಿಕ್ಕರೂ 20,000 ರೂಪಾಯಿ. ಅಲ್ಲಿ ಇಳಿದ ಮೇಲೆ ದೇವನಹಳ್ಳಿಯಿಂದ ನಗರಕ್ಕೆ ಬೇರೆ ವಾಹನ ಹಿಡಿಯಬೇಕು.

ಕಾರಿನ ಪರವಾಗಿ ಹಣವಿದ್ದರೆ ವಿಮಾನದ ಪರವಾಗಿ ಸಮಯವಿದೆ. ರಸ್ತೆಯಲ್ಲಿ ಹಗಲೆಲ್ಲ ಕಳೆಯುವ ದಾರಿಯನ್ನು ವಿಮಾನ ಒಂದೂವರೆ ಗಂಟೆಯೊಳಗೆ ಮುಗಿಸುತ್ತದೆ. ಮೊಣಕಾಲು ನೋವಿನ ಅಜ್ಜಿ ಜೊತೆಗಿದ್ದರೆ, ನಾಲ್ಕೇ ದಿನ ರಜೆ ಸಿಕ್ಕಿದ್ದರೆ ಅದರ ಬೆಲೆ ಗೊತ್ತಾಗುತ್ತದೆ. ಸೂಟಿಯ ಕುಟುಂಬ ಬುತ್ತಿ ಕಟ್ಟಿಕೊಂಡು ದಾರಿ ಹಿಡಿಯಬಹುದು. ಚಿಕಿತ್ಸೆಗೆ, ಕೋರ್ಟಿನ ಕೆಲಸಕ್ಕೆ, ನೌಕರಿಯ ಸಂದರ್ಶನಕ್ಕೆ ಹೊರಟವರಿಗೆ ಆ ಸವಡಿ ಇರುವುದಿಲ್ಲ. ಆದರೆ ಅವರಿಗೆ ವಿಮಾನ ಉಳಿಯಬೇಕಾದರೆ ಸೂಟಿಯವರೂ ಅದನ್ನು ಹತ್ತಬೇಕು.

ನಿಂತು ನಿಂತು ಹಾರಿದ ಸೇವೆಯನ್ನು ನಂಬಿ ಎರಡು ತಿಂಗಳ ಮೊದಲೇ ಟಿಕೆಟ್ ತೆಗೆಸಲು ಜನ ಹಿಂಜರಿಯುವುದು ಸಹಜ. ಜನ ಹಿಂಜರಿದರೆ ಆಸನ ಖಾಲಿ, ಆಸನ ಖಾಲಿಯಾದರೆ ಸೇವೆ ಬಂದ್. 1956ರಲ್ಲಿ ಐದು ಪಟ್ಟಾದ ದೂರ ಈ ಸುತ್ತು ಮುರಿಯುವವರೆಗೂ ಬೀದರಿಗೆ ಕಡಿಮೆಯಾಗದು.