ನೀರಿಗೆ ಕಡ್ಡಿ ಇಳಿಸಿದರೆ ಕಂದು ಬಣ್ಣ: ಅದು ಫ್ಲೋರೈಡಾ? ಟಿಡಿಎಸ್ ಮೀಟರ್ ಹೇಳುವುದೇನು, ಹೇಳದೇ ಇರುವುದೇನು?

ಈ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಎರಡು ಗ್ಲಾಸ್, ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಫಿಲ್ಟರ್ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಡುತ್ತಾರೆ. ಒಂದೆರಡು ನಿಮಿಷದಲ್ಲಿ ಬೋರ್‌ವೆಲ್ ನೀರು ಚರಂಡಿ ನೀರಿನಂತೆ ಕಂದಾಗುತ್ತದೆ, ಫಿಲ್ಟರ್ ನೀರು ತಿಳಿಯಾಗಿಯೇ ಇರುತ್ತದೆ. 'ನೀವು ದಿನಾ ಕುಡಿಯುವ ವಿಷ ಇದೇ' ಎಂಬ ಮಾತು, ಕೊನೆಗೊಂದು ಫೋನ್ ನಂಬರ್.

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು ಇದನ್ನು ನೋಡಿ ಹೆದರಿದರೆ ಆಶ್ಚರ್ಯವಿಲ್ಲ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಬೋರ್‌ವೆಲ್ಲೇ ದಿಕ್ಕು, ಮತ್ತು ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ಆದರೆ ಆ ಕಂದು ಬಣ್ಣಕ್ಕೂ ಫ್ಲೋರೈಡಿಗೂ ಸಂಬಂಧವಿಲ್ಲ.

ಬಣ್ಣ ಬರುವುದು ಎಲ್ಲಿಂದ?

ಕಡ್ಡಿಯಿಂದಲೇ. ಆ ಉಪಕರಣದ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತದೆ. ಕರೆಂಟ್ ಹರಿದಾಗ ಕಬ್ಬಿಣ ಕರಗಿ ನೀರಿಗಿಳಿದು ತುಕ್ಕಾಗುತ್ತದೆ. ನೀವು ನೋಡುವ ಕೊಳೆ ಆ ತುಕ್ಕೇ. ಫಿಲ್ಟರ್ ನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಕಡ್ಡಿಯೂ ಕರಗುವುದಿಲ್ಲ. ಡೆಮೊ ತೋರಿಸಲು ಯಾರಾದರೂ ಮನೆಗೆ ಬಂದರೆ, ಅವರ ಫಿಲ್ಟರ್ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ತೋರಿಸಲು ಹೇಳಿ. ಅದೂ ಬಣ್ಣಗೆಡುತ್ತದೆ. (ನೀವೇ ಮಾಡಲು ಹೋಗಬೇಡಿ. ಮನೆಯ 230 ವೋಲ್ಟ್ ಕರೆಂಟು, ಪಕ್ಕದಲ್ಲಿ ನೀರು!)

ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಾವೇಶ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ, ಒಡೆಯುತ್ತದೆ. ಕರೆಂಟ್ ಸಾಗಿಸುವುದು ಇವೇ. ಸ್ವೀಡನ್ನಿನ ಅರೇನಿಯಸ್ 1884ರಲ್ಲಿ ಇದನ್ನು ಹೇಳಿದಾಗ ಅವರ ಪ್ರಾಧ್ಯಾಪಕರಿಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. 1903ರಲ್ಲಿ ಅವರಿಗೆ ನೊಬೆಲ್ ಬಂತು. ಆದರೂ ಉಪ್ಪು ಪೂರ್ತಿ ಒಡೆಯುತ್ತದೆಯೋ ಅರೆಬರೆಯೋ ಎಂಬ ಜಗಳ ಮುಗಿದಿರಲಿಲ್ಲ. ಪೂರ್ತಿ ಒಡೆಯುತ್ತದೆ ಎಂದು 1918ರಲ್ಲಿ ಸಿದ್ಧಾಂತ ಮಂಡಿಸಿದವರು ಕಲ್ಕತ್ತೆಯ ತರುಣ ಜ್ಞಾನಚಂದ್ರ ಘೋಷ್. ಅವರ ಲೆಕ್ಕಾಚಾರದ ದಾರಿ ನಿಲ್ಲಲಿಲ್ಲ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಅದಕ್ಕಿಂತ ಗಟ್ಟಿಯಾದ ಲೆಕ್ಕ ಕೊಟ್ಟರು. 1927ರಲ್ಲಿ ಫ್ಯಾರಡೆ ಸೊಸೈಟಿ ಆಕ್ಸ್‌ಫರ್ಡ್‌ನಲ್ಲಿ ಇದಕ್ಕೆಂದೇ ಸಮ್ಮೇಳನ ನಡೆಸಿತು. ದ್ರಾವಣದಲ್ಲಿ ಕರೆಂಟ್ ಹೇಗೆ ಹರಿಯುತ್ತದೆ ಎಂಬ ಡಿಬೈ–ಹ್ಯೂಕೆಲ್ ಲೆಕ್ಕವನ್ನು ತಿದ್ದಿದ ಲಾರ್ಸ್ ಆನ್ಸಾಗರ್ ಅಲ್ಲಿದ್ದರು. ಘೋಷ್ ಮುಂದೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಅದೇ ಸಂಸ್ಥೆಯ ಎರಡನೇ ಆವರಣ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ಟಿಡಿಎಸ್ ಮೀಟರ್ ಅಳೆಯುವುದೇನು?

ಪೆನ್ನಿನ ಹಾಗಿರುವ ಆ ಮೀಟರ್ ಯಾವ ಲವಣವನ್ನೂ ಗುರುತು ಹಿಡಿಯುವುದಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಅದನ್ನು ಸುಮಾರು 0.5ರಿಂದ 0.7ರೊಳಗಿನ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ, ಅಷ್ಟೇ. ಅಂಗಡಿಗೆ ಎಷ್ಟು ಜನ ಬಂದರು ಎಂದು ಎಣಿಸಿದ ಹಾಗೆ. ಬಂದವರಲ್ಲಿ ಕಳ್ಳ ಯಾರು ಎಂದು ಅದಕ್ಕೆ ಗೊತ್ತಿಲ್ಲ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಫ್ಲೋರೈಡಿಗೆ ಮಿತಿ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5. ಈಗ ಲೆಕ್ಕ ಹಾಕಿ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್, ಅಂದರೆ ಆ ಕೊನೆಯ ಮಿತಿಯ ಎರಡು ಪಟ್ಟು, ಸೋಡಿಯಂ ಜೊತೆ ಸೇರಿಕೊಂಡು ಮೀಟರಿನ ಅಂಕಿಯನ್ನು ಏರಿಸುವುದು ಹೆಚ್ಚೂಕಡಿಮೆ 10ರಷ್ಟು ಮಾತ್ರ. ಟಿಡಿಎಸ್ 400 ಇರುವ ನೀರಿನಲ್ಲಿ ಫ್ಲೋರೈಡ್ ಅಪಾಯದ ಮಟ್ಟದಲ್ಲಿರಬಹುದು, 1200 ಇರುವ ನೀರಿನಲ್ಲಿ ಮಿತಿಯೊಳಗೇ ಇರಬಹುದು.

'ಸೋಪು ಚೆನ್ನಾಗಿ ನೊರೆ ಬಂದರೆ ಒಳ್ಳೆ ನೀರು' ಎಂಬ ನಂಬಿಕೆಯನ್ನೂ ಇಲ್ಲಿ ನೆಚ್ಚಿಕೊಳ್ಳಬೇಡಿ. ಫ್ಲೋರೈಡ್ ಬರುವುದು ನೆಲದಡಿಯ ಗ್ರಾನೈಟ್‌ನಂಥ ಕಲ್ಲಿನ ಖನಿಜಗಳಿಂದ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡ್ ಜೊತೆ ಸೇರಿ, ಅಷ್ಟಾಗಿ ಕರಗದ ಲವಣವಾಗಿ ಕಲ್ಲಿನಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ, ನೊರೆ ಚೆನ್ನಾಗಿ ಬರುವ ನೀರಿನಲ್ಲಿ ಫ್ಲೋರೈಡ್ ಏರಲು ಅಡ್ಡಿಯೇ ಇರುವುದಿಲ್ಲ. ರುಚಿ, ವಾಸನೆ, ಬಣ್ಣ ಯಾವುದರಿಂದಲೂ ಅದು ತಿಳಿಯದು.

ಕುದಿಸಿದರೆ ಹೋಗುತ್ತದೆಯೇ? ಇಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಹೋಗದು. ಆರ್‌ಒ ಬಹುಪಾಲು ತೆಗೆಯುತ್ತದೆ. ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಕೂಡ ತೆಗೆಯುತ್ತದೆ. ಪಟಿಕ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನವೂ ಇದೆ, ಆದರೆ ಅದರ ಅಳತೆಯನ್ನು ತಿಳಿದವರೇ ಮಾಡಬೇಕು.

ನಿರ್ಲಕ್ಷಿಸುವ ವಿಷಯವಂತೂ ಅಲ್ಲ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇಂಥ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಉಳಿದುಬಿಡುತ್ತದೆ, ಉಜ್ಜಿದರೆ ಹೋಗದು. ಹೆಚ್ಚು ಫ್ಲೋರೈಡ್ ಇರುವ ನೀರನ್ನು ಬಹಳ ವರ್ಷ ಕುಡಿದವರಲ್ಲಿ ಕೀಲು, ಬೆನ್ನು ಬಿಗಿಯುತ್ತದೆ. ಅದನ್ನು ಪೂರ್ತಿ ಗುಣಪಡಿಸುವ ಔಷಧ ಇಲ್ಲ.

ಹಾಗಾದರೆ ಮಾಡುವುದೇನು? ಫ್ಲೋರೈಡನ್ನು ಫ್ಲೋರೈಡ್ ಪರೀಕ್ಷೆಯಿಂದಲೇ ನೋಡಬೇಕು. ಜಲ ಜೀವನ್ ಮಿಷನ್ ಅಡಿ ಗ್ರಾಮಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆ ಇದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಕಿಟ್‌ನಲ್ಲಿ ಹೆಚ್ಚು ಬಂದರೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ. ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು ತುಂಬಿ, ಊರು, ಯಾವ ಬೋರ್‌ವೆಲ್, ತಾರೀಖು ಬರೆದು ಕೊಡಿ. ಬೋರ್‌ವೆಲ್ ಇನ್ನೂ ಆಳಕ್ಕೆ ಕೊರೆಸಿದ್ದರೆ ಹಳೆಯ ವರದಿ ನಂಬಬೇಡಿ.

ಟಿಡಿಎಸ್ ಮೀಟರ್ ಕೊಂಡಿದ್ದರೆ ಎಸೆಯಬೇಕಿಲ್ಲ. ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅದು ಉಪಯೋಗಕ್ಕೆ ಬರುತ್ತದೆ. ಒಳಹೋಗುವ ನೀರು 1500 ತೋರಿಸಿ ಹೊರಬರುವುದು 80 ತೋರಿಸಿದರೆ ಆರ್‌ಒ ಪೊರೆ ಚೆನ್ನಾಗಿದೆ. ಅದೇ 80 ಕೆಲವು ತಿಂಗಳಲ್ಲಿ 400ಕ್ಕೆ ಏರಿದರೆ ಪೊರೆ ಸವೆದಿದೆ ಅಥವಾ ಹಸಿ ನೀರು ಬೆರೆಯುತ್ತಿದೆ, ಆಗ ಫ್ಲೋರೈಡ್ ಕೂಡ ದಾಟಿ ಬರುತ್ತಿರುತ್ತದೆ. ಆ ಅಂಕಿಯ ಫೋಟೊ ತೆಗೆದು ಪಂಚಾಯಿತಿಯವರಿಗೆ ಕಳಿಸಿ.