ಹಿಪ್ಪಿಯನ್ನು ಕಂಡು ನಕ್ಕ ಚಿತ್ರಗಳು

1970ರ ದಶಕದ ಬೀದರಿನಲ್ಲಿ ಕೂದಲು ಕಿವಿಯ ಮೇಲಕ್ಕೆ ಇಳಿದಿದ್ದ ಹುಡುಗನಿಗೆ ದೊರೆಯುತ್ತಿದ್ದ ಬಿರುದು ಒಂದೇ: ‘ಹಿಪ್ಪಿ’. ಭಾಲ್ಕಿ, ಔರಾದಗಳ ಕಡೆ ನಿಜವಾದ ಹಿಪ್ಪಿಯೊಬ್ಬನನ್ನು ಕಣ್ಣಾರೆ ಕಂಡವರು ವಿರಳ. ಆದರೂ ಅವನನ್ನು ನೋಡಿ ಹೇಗೆ ನಗಬೇಕೆಂಬುದು ನಮಗೆಲ್ಲರಿಗೂ ತಿಳಿದಿತ್ತು. ಕಾಣದವನನ್ನು ಗೇಲಿ ಮಾಡುವ ಈ ವಿದ್ಯೆಯನ್ನು ನಮಗೆ ಕಲಿಸಿದ್ದು ಹಿಂದಿ ಚಲನಚಿತ್ರ.

ಮೊದಲು ಒಂದಿಷ್ಟು ಹಿನ್ನೆಲೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಯುವಕರು ಸೈನ್ಯ, ನೌಕರಿ, ಸಂಸಾರ ಎಲ್ಲವನ್ನೂ ಒಟ್ಟಿಗೆ ನಿರಾಕರಿಸಿ ಹೊರಟರು. 1967ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಅವರ ರಾಜಧಾನಿಯೇ ಆಯಿತು. ಮರುವರ್ಷ ಬೀಟಲ್ಸ್ ತಂಡ ಮಹರ್ಷಿ ಮಹೇಶ ಯೋಗಿಯವರ ಬಳಿ ಧ್ಯಾನ ಕಲಿಯಲು ಋಷಿಕೇಶಕ್ಕೆ ಬಂದಿತು. ಇಸ್ತಾಂಬುಲ್, ಕಾಬೂಲ್, ದೆಹಲಿಗಳನ್ನು ದಾಟಿ ಕಠ್ಮಂಡುವಿಗೂ ಗೋವೆಗೂ ಜನ ಹರಿದು ಬಂದರು. ಕಠ್ಮಂಡುವಿನಲ್ಲಿ ಗಾಂಜಾ ಮಾರುವ ಅಂಗಡಿಗಳಿಗೆ ಸರಕಾರದ ಪರವಾನಗಿಯೇ ಇತ್ತು; 1973ರಲ್ಲಿ ಅದು ರದ್ದಾಯಿತು.

ಇವರನ್ನು ಕುರಿತು ಅಮೆರಿಕದಲ್ಲಿಯೇ ವಿಡಂಬನೆಯ ಚಿತ್ರಗಳು ಬಂದಿದ್ದವು. 1968ರ ‘ಐ ಲವ್ ಯೂ, ಆಲಿಸ್ ಬಿ. ಟೋಕ್ಲಸ್’ ಅಂಥದೊಂದು. ಪೀಟರ್ ಸೆಲ್ಲರ್ಸ್ ಅದರಲ್ಲಿ ಒಬ್ಬ ಶಿಸ್ತಿನ ವಕೀಲ. ಮದುವೆಗೆ ಅಂಜಿ ಹಿಪ್ಪಿಗಳ ಜೊತೆ ಸೇರುತ್ತಾನೆ. ಅಲ್ಲಿಯ ಗದ್ದಲಕ್ಕೂ ಬೇಸತ್ತು, ಕೊನೆಗೆ ಇತ್ತ ಮನೆಯೂ ಬೇಡ, ಅತ್ತ ಮಠವೂ ಬೇಡ ಎಂದು ಓಡುತ್ತಾನೆ. ಆ ಚಿತ್ರ ಹುಡುಗರನ್ನು ನೋಡಿ ನಗುವಷ್ಟೇ ಹಿರಿಯರನ್ನು ನೋಡಿಯೂ ನಗುತ್ತದೆ.

ನಮ್ಮ ಚಿತ್ರಗಳು ಈ ಎರಡನೆಯ ನಗುವನ್ನು ಬಿಟ್ಟುಬಿಟ್ಟವು. ಮನೋಜ್ ಕುಮಾರರ ‘ಪೂರಬ್ ಔರ್ ಪಶ್ಚಿಮ್’ (1970) ನೋಡಿರಿ. ಲಂಡನ್ನಿನ ಭಾರತೀಯ ಕುಟುಂಬವೊಂದರ ಮಗಳಾಗಿ ಸಾಯಿರಾ ಬಾನು. ಹೊಂಬಣ್ಣದ ಕೃತಕ ಕೂದಲು, ಕೈಯಲ್ಲಿ ಸಿಗರೇಟು. ಆಕೆಯ ಹಿಪ್ಪಿ ಸಹೋದರನಾಗಿ ಹಾಸ್ಯನಟ ರಾಜೇಂದ್ರನಾಥ್. ಭಾರತಕ್ಕೆ ಬಂದು ಸೀರೆ ಉಟ್ಟೊಡನೆ ಎಲ್ಲ ರೋಗವೂ ವಾಸಿ! ನಾಯಕನಿಗೆ ಮಾತ್ರ ಕಲಿಯಬೇಕಾದದ್ದು ಏನೂ ಇರುವುದಿಲ್ಲ. ವಿಡಂಬನೆ ಎನ್ನುವುದಕ್ಕಿಂತ ಇದನ್ನು ಉಪದೇಶ ಎನ್ನುವುದೇ ಸರಿ.

ದೇವ್ ಆನಂದರ ‘ಹರೇ ರಾಮ ಹರೇ ಕೃಷ್ಣ’ (1971) ಇದಕ್ಕಿಂತ ಗಂಭೀರವಾದದ್ದು. ಕಠ್ಮಂಡುವಿನಲ್ಲಿ ಹಿಪ್ಪಿಗಳ ನಡುವೆ ಕಂಡ ಒಬ್ಬ ಭಾರತೀಯ ಹುಡುಗಿಯಿಂದ ಈ ಕಥೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮಾಂಟ್ರಿಯಲ್ಲಿನಲ್ಲಿ ತಂದೆತಾಯಿ ಬೇರೆಯಾಗುತ್ತಾರೆ. ಅಣ್ಣ ತೀರಿಕೊಂಡನೆಂದು ಮಗುವಿಗೆ ಸುಳ್ಳು ಹೇಳಲಾಗುತ್ತದೆ. ಆ ಜಸ್ಬೀರಳೇ ಮುಂದೆ ಜ್ಯಾನಿಸ್ ಆಗಿ ಗಾಂಜಾದ ಹೊಗೆಯಲ್ಲಿ ಕಳೆದುಹೋಗಿ, ಅಣ್ಣ ಹುಡುಕಿಕೊಂಡು ಬಂದ ಮೇಲೂ ಪ್ರಾಣ ಕಳೆದುಕೊಳ್ಳುತ್ತಾಳೆ. ಜೀನತ್ ಅಮಾನ್ ಆ ಪಾತ್ರಕ್ಕಾಗಿ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಆದರೆ ಜನರ ನಾಲಗೆಯ ಮೇಲೆ ಉಳಿದದ್ದು ಆಕೆಯ ಸಾವಲ್ಲ, ಆರ್. ಡಿ. ಬರ್ಮನ್ನರು ಸಂಗೀತ ನೀಡಿ ಆಶಾ ಭೋಸ್ಲೆ ಹಾಡಿದ ಹೊಗೆಯ ಹಾಡು. ಎಚ್ಚರಿಸಲೆಂದು ತೆಗೆದ ಚಿತ್ರವೇ ದೊಡ್ಡ ಕನ್ನಡಕ, ಮಣಿಸರ, ಬೆಲ್‌ಬಾಟಂಗಳ ಜಾಹೀರಾತಾಯಿತು. ಚಿತ್ರಮಂದಿರದಲ್ಲಿ ನಗುತ್ತಿದ್ದವರೇ ಮರುವಾರ ದರ್ಜಿಯ ಅಂಗಡಿಯಲ್ಲಿ ಪ್ಯಾಂಟಿನ ಅಳತೆ ಕೊಡುತ್ತಿದ್ದರು.

ಇಲ್ಲಿ ನಮ್ಮ ಜಿಲ್ಲೆಯ ವಿಚಿತ್ರವೊಂದಿದೆ. ಉದ್ದ ಕೂದಲು, ಮಣಿಸರ, ಚಿಲುಮೆ ಇವು ಬೀದರಿಗೆ ಹೊಸವೇ? ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಸುಲ್ತಾನ ಅಹಮದ್ ಶಾಹ ವಲಿಯ ಗೋರಿಯಿದೆ. ಹಿಂದೂಗಳು ಅವನನ್ನು ಅಲ್ಲಮಪ್ರಭುವೆಂದು ಭಾವಿಸಿ ಉರುಸಿಗೆ ಹೋಗುತ್ತಾರೆ. ಅಲ್ಲಿ ಫಕೀರರೂ ಜಂಗಮರೂ ಒಂದೇ ಅಂಗಳದಲ್ಲಿ ಸೇರುತ್ತಾರೆ. ನಾನಕ ಝೀರಾಕ್ಕೆ ಬರುವ ಸಿಖ್ಖರಿಗೆ ಕೂದಲು ಧರ್ಮ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ಭಂಡಾರ ಬಳಿದುಕೊಂಡ ವಗ್ಗಯ್ಯರನ್ನು ಕಂಡು ಯಾರೂ ನಗುವುದಿಲ್ಲ. ಹಿಪ್ಪಿ ಎರವಲು ಪಡೆದದ್ದು ನಮ್ಮದೇ ವೇಷವನ್ನು. ಅದನ್ನೇ ನಗಲು ಯೋಗ್ಯವೆಂದು ಸಿನಿಮಾ ನಮಗೆ ತಿರುಗಿ ಮಾರಿತು.

ನಾನು ಓದುತ್ತಿದ್ದಾಗ ಸಹಪಾಠಿಯೊಬ್ಬನನ್ನು ‘ಹಿಪ್ಪಿ’ ಎಂದು ಹೀಯಾಳಿಸಿ, ಕ್ಷೌರ ಮಾಡಿಸಿಕೊಂಡು ಬರುವಂತೆ ತರಗತಿಯಿಂದ ಹೊರಗೆ ಕಳಿಸಲಾಯಿತು. ಮರುದಿನ ಅವನ ತಾಯಿ ಬಂದು, “ಸರ, ಇದು ಮಲ್ಲಣ್ಣನ ಮುಡಿ ಅದರಿ, ಹರಕಿ ತೀರೋ ತನಕ ತೆಗಿಯಂಗಿಲ್ಲರಿ” ಎಂದರು. ಕೇಳುವವರಿರಲಿಲ್ಲ. ಹುಡುಗ ಆಮೇಲೆ ಶಾಲೆಗೆ ಬರಲಿಲ್ಲ.

ಕನ್ನಡ ಚಿತ್ರಗಳು ಈ ವಿಷಯದಲ್ಲಿ ಹೆಚ್ಚು ಅಂತಃಕರಣ ತೋರಿದವು ಎಂಬುದು ನನ್ನ ಅಭಿಪ್ರಾಯ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ರಾಮಾಚಾರಿ ಹಿಪ್ಪಿಯಲ್ಲ. ಆದರೆ ಹಿರಿಯರ ಲೋಕದೊಡನೆ ಅವನ ಜಗಳ ಅದೇ ತಳಿಯದು. ಅಲ್ಲಿ ನಗೆಪಾಟಲಾಗುವವರು ಪ್ರಿನ್ಸಿಪಾಲರು. ಶಿಷ್ಯನನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಚಾಮಯ್ಯ ಮೇಷ್ಟ್ರೂ ಅವನಿಗೆ ದಾರಿ ತೋರಲಾರದೆ ಹೋಗುತ್ತಾರೆ. ಅಶ್ವಥ್ ಅವರ ಆ ಮುಖವನ್ನು ಶಿಕ್ಷಕನಾದವನು ಮರೆಯಲಾರ. ಪಿ. ಲಂಕೇಶರ ‘ಪಲ್ಲವಿ’ (1976) ಕಾಲೇಜು ಮುಗಿಸಿ ನೌಕರಿ ಇಲ್ಲದೆ ಸಿಡಿಮಿಡಿಗೊಂಡ ಯುವಕರನ್ನು ಹತ್ತಿರದಿಂದ ನೋಡಿತು. ಅದಕ್ಕಾಗಿ ಲಂಕೇಶರಿಗೆ ಶ್ರೇಷ್ಠ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಗಡ್ಡ ಬಿಟ್ಟವನ ಜೇಬು ಖಾಲಿ ಇರುವುದನ್ನು ತೋರಿಸಿದ ಚಿತ್ರ ಅದು.

ಆಮೇಲೆ 1980ರ ದಶಕದ ನಡುವೆ ಶಂಕರನಾಗರ ‘ಆಕ್ಸಿಡೆಂಟ್’ ಬಂದಾಗ ನಗು ಪೂರ್ತಿ ನಿಂತಿತ್ತು. ಅಲ್ಲಿ ಮಾದಕದ್ರವ್ಯದ ಅಮಲಿನಲ್ಲಿ ಕಾರು ಹರಿಸಿ, ಕಾಲುದಾರಿಯ ಮೇಲೆ ಮಲಗಿದ್ದ ಬಡವರನ್ನು ಕೊಲ್ಲುವವನು ರಾಜಕಾರಣಿಯ ಮಗ. ಅವನಿಗೆ ಉದ್ದ ಕೂದಲೂ ಬೇಕಿಲ್ಲ, ಮಣಿಸರವೂ ಬೇಕಿಲ್ಲ. ತಂದೆಯಾಗಿ ಅನಂತನಾಗ್ ನಗುನಗುತ್ತಲೇ ಎಲ್ಲವನ್ನೂ ಮುಚ್ಚಿಹಾಕಲು ಹೊರಡುತ್ತಾರೆ. 1985ರಲ್ಲಿ ಮಾದಕದ್ರವ್ಯಗಳ ವಿರುದ್ಧ ಕೇಂದ್ರದ ಕಾಯಿದೆ ಬಂದಿತು. ಗಾಂಜಾ, ಚರಸುಗಳು ಅದರಲ್ಲಿ ಸೇರಿದವು. ಗಾಂಜಾ ಗಿಡದ ಬರಿಯ ಎಲೆ ಸೇರಲಿಲ್ಲ. ಶಿವರಾತ್ರಿಯ ಭಂಗಿ ಹಾಗೆಯೇ ಉಳಿದುಕೊಂಡಿತು.