ಗಾಳಿ ತುಂಬಿದ ಗಾಲಿ ಗೆದ್ದ ದಿನ



ನಿಮ್ಮಲ್ಲಿ ಸೈಕಲ್ ಸ್ಪರ್ಧೆಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯವರಿದ್ದರೆ ಈ ಪ್ರಶ್ನೆ ಹೊಸದಲ್ಲ: ರೇಸಿಗೆ ಯಾವ ಸೈಕಲ್? ಜೋರಾಗಿ ಓಡುವುದೋ, ಬೀಳಿಸದೇ ಇರುವುದೋ, ಕಿಸೆಗೆ ಎಟಕುವುದೋ? ಸುಮಾರು 140 ವರ್ಷಗಳ ಹಿಂದೆ ಇಂಗ್ಲೆಂಡ್, ಐರ್ಲೆಂಡಿನ ಸವಾರರಿಗೂ ಇದೇ ಪೇಚಾಟ.

ಆಗ ರೇಸಿನ ರಾಜ ಎಂದರೆ ಎತ್ತರದ ಸೈಕಲ್. ಮುಂದೆ ಭಾರೀ ಗಾಲಿ, ಹಿಂದೆ ಪುಟಾಣಿ ಗಾಲಿ. ಚೈನ್ ಇಲ್ಲ, ಪೆಡಲ್ ಮುಂದಿನ ಗಾಲಿಗೇ. ಒಂದು ಸುತ್ತು ತುಳಿದರೆ ಗಾಲಿಯೂ ಒಂದೇ ಸುತ್ತು. ಹಾಗಾಗಿ ಗಾಲಿ ದೊಡ್ಡದಾದಷ್ಟೂ ವೇಗ. ಕಾಲಿನ ಉದ್ದವೇ ಅದಕ್ಕೆ ಮಿತಿ. ಆದರೆ ಕಲ್ಲೊಂದು ಅಡ್ಡ ಬಂದರೆ ಸಾಕು, ಸವಾರ ಹ್ಯಾಂಡಲ್ ಮೇಲಿಂದ ತಲೆಕೆಳಗಾಗಿ ಬೀಳುತ್ತಿದ್ದ. ಕೈ ಮುರಿದುಕೊಂಡವರಿದ್ದರು, ಪ್ರಾಣ ಬಿಟ್ಟವರೂ ಇದ್ದರು.

1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೇಫ್ಟಿ ಸೈಕಲ್ ತಂದರು. ಗಾಲಿಗಳು ಚಿಕ್ಕವು, ಸವಾರ ನೆಲಕ್ಕೆ ಹತ್ತಿರ. ಹಿಂದಿನ ಗಾಲಿಗೆ ಚೈನ್ ಬಂದದ್ದರಿಂದ ವೇಗಕ್ಕೆ ದೊಡ್ಡ ಗಾಲಿ ಬೇಕಿರಲಿಲ್ಲ. ಆದರೆ ಗಟ್ಟಿ ರಬ್ಬರಿನ ಆ ಚಿಕ್ಕ ಗಾಲಿಗಳು ಒರಟು ರಸ್ತೆಯಲ್ಲಿ ಮೈಯನ್ನೆಲ್ಲ ಅಲುಗಿಸುತ್ತಿದ್ದವು. ಅನೇಕ ರೇಸಿಗರು ಎತ್ತರದ ಸೈಕಲ್ಲನ್ನೇ ನೆಚ್ಚಿಕೊಂಡರು.

ಅಷ್ಟರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿ ಸೈಕಲ್ಲಿಗೆಂದು ಗಾಳಿ ತುಂಬಿದ ಟೈರ್ ಮಾಡಿ 1888ರಲ್ಲಿ ಪೇಟೆಂಟ್ ಪಡೆದರು. 1889ರ ಮೇ 18ರಂದು ವಿಲ್ಲಿ ಹ್ಯೂಮ್ ಅಂಥ ದಪ್ಪ ಟೈರಿನ ಸೇಫ್ಟಿ ಸೈಕಲ್ ಏರಿ ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜು ಮೈದಾನಕ್ಕೆ ಬಂದಾಗ ಜನ ನಕ್ಕರು. ಸಂಜೆಯ ಹೊತ್ತಿಗೆ ನಾಲ್ಕೂ ಸೈಕಲ್ ರೇಸುಗಳು ಹ್ಯೂಮ್ ಪಾಲಾಗಿದ್ದವು! ಸೋತವರಲ್ಲಿ ಹಾರ್ವಿ ಡು ಕ್ರೋ ಅವರ ಮಕ್ಕಳೂ ಇದ್ದರು. ಅದೇ ವರ್ಷ ಆ ತಂದೆಯೇ ಡಬ್ಲಿನ್ನಿನಲ್ಲಿ ಟೈರ್ ಕಂಪನಿ ಕಟ್ಟಲು ಮುಂದಾದರು.

ಇನ್ನು ಖರ್ಚಿನ ಮಾತು. ದಪ್ಪ ಟೈರ್ ಹಳೆಯ ಸೈಕಲ್ಲಿನ ಇಕ್ಕಟ್ಟಾದ ಫೋರ್ಕಿನಲ್ಲಿ ಕೂರುತ್ತಿರಲಿಲ್ಲ. ಟೈರ್ ಬೇಕೆಂದರೆ ಅಗಲ ಫೋರ್ಕಿನ ಸೈಕಲ್ಲೇ ಬೇಕು. ಟೈರನ್ನು ಗಾಲಿಗೆ ಅಂಟಿಸಿರುತ್ತಿದ್ದುದರಿಂದ ಪಂಕ್ಚರ್ ಆದರೆ ದೊಡ್ಡ ರಗಳೆ. ಈ ತೊಡಕನ್ನು ಬಿಡಿಸಿದ್ದು ಕಳಚಬಲ್ಲ ಮಿಶೆಲಿನ್ ಟೈರ್. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ರೇಸಿನಲ್ಲಿ ಷಾರ್ಲ್ ತೆರೋಂ ಸುಮಾರು 1200 ಕಿ.ಮೀ. ದಾರಿಯನ್ನು 72 ಗಂಟೆಯೊಳಗೆ ಮುಗಿಸಿ ಗೆದ್ದದ್ದು ಇದೇ ಟೈರಿನ ಮೇಲೆ. ಎತ್ತರದ ಸೈಕಲ್ಲಿನ ಕಾಲ ಮುಗಿಯಿತು.

ಮಗನಿಗೋ ಮಗಳಿಗೋ ರೇಸ್ ಸೈಕಲ್ ಕೊಡಿಸಲು ಹೊರಟಿದ್ದೀರಾ? ಅಂಗಡಿಯಲ್ಲಿ ಹೊಳಪಿಗೆ ಮರುಳಾಗುವ ಮೊದಲು ಹ್ಯೂಮ್ ಅವರ ದಪ್ಪ ಟೈರನ್ನೊಮ್ಮೆ ನೆನೆಯಿರಿ. ಹಣ ಮೊದಲು ಒಳ್ಳೆಯ ಟೈರಿಗೆ, ಬ್ರೇಕಿಗೆ, ಹೆಲ್ಮೆಟ್ಟಿಗೆ ಹೋಗಲಿ. ರೇಸ್ ಮುಗಿಸಿ ಮಗು ನಗುತ್ತಾ ಮನೆಗೆ ಬರಬೇಕಲ್ಲವೇ?